ಒಂದು ಪಿಟೀಲು, 111 ಉಂಗುರಗಳು

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಪಿಟೀಲು ಇದೆ. ಅದರ ಹೆಸರು ‘ಮೆಸ್ಸಾಯ’. ಒಡಲೊಳಗೆ ಅಂಟಿಸಿದ ಚೀಟಿಯ ಪ್ರಕಾರ ಅದನ್ನು 1716ರಲ್ಲಿ ಇಟಲಿಯ ಕ್ರಿಮೋನಾ ಪಟ್ಟಣದ ಆಂಟೋನಿಯೋ ಸ್ಟ್ರಾಡಿವರಿ ತಯಾರಿಸಿದ. ಪಿಟೀಲು ತಯಾರಿಕೆಯಲ್ಲಿ ಸ್ಟ್ರಾಡಿವರಿಯ ಹೆಸರಿಗೆ ಸಮನಾದ ಹೆಸರು ಇನ್ನೊಂದಿಲ್ಲ. ಆತ ಮಾಡಿದ ವಾದ್ಯಗಳು ಇಂದು ಕೋಟಿಗಟ್ಟಲೆ ಡಾಲರುಗಳಿಗೆ ಮಾರಾಟವಾಗುತ್ತವೆ. ಅವುಗಳಲ್ಲೆಲ್ಲ ಶ್ರೇಷ್ಠವಾದದ್ದು ಈ ‘ಮೆಸ್ಸಾಯ’ ಎಂದು ಬಹಳ ಮಂದಿ ತಜ್ಞರು ಹೇಳುತ್ತಾರೆ.

ಆದರೆ ಅದನ್ನು ನೋಡಿದವರಿಗೆ ಮೊದಲು ಬರುವ ಪ್ರಶ್ನೆಯೇ ಬೇರೆ. ಮುನ್ನೂರು ವರ್ಷ ಹಳೆಯ ವಾದ್ಯ ಇಷ್ಟು ಹೊಸದಾಗಿ ಕಾಣುವುದು ಹೇಗೆ? ಮೆರುಗೆಣ್ಣೆ ಮಾಸಿಲ್ಲ. ಅಂಚುಗಳು ಸವೆದಿಲ್ಲ. ಗದ್ದ ಒತ್ತಿ, ಕೈ ಉಜ್ಜಿ, ಬೆವರು ತಾಗಿ ಹಳೆಯ ಪಿಟೀಲುಗಳಿಗೆ ಬರುವ ಕಳೆ ಇದಕ್ಕೆ ಬಂದೇ ಇಲ್ಲ. ಹೆಚ್ಚು ನುಡಿಸದೆ ಜೋಪಾನವಾಗಿ ಇಟ್ಟದ್ದರಿಂದ ಹೀಗಿದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವೂ ಇತ್ತು. ಇದು ಸ್ಟ್ರಾಡಿವರಿಯದೇ ಅಲ್ಲ. ನೂರೈವತ್ತು ವರ್ಷಗಳ ಹಿಂದೆ ಪ್ಯಾರಿಸಿನಲ್ಲಿ ಯಾರೋ ಮಾಡಿದ ನಕಲು!

ಈ ಎರಡನೆಯ ಉತ್ತರ ಪಿಸುಮಾತಾಗಿ ಬಹುಕಾಲ ಉಳಿದಿತ್ತು. 1990ರ ದಶಕದ ಕೊನೆಯಲ್ಲಿ ಅದು ದೊಡ್ಡ ವಿವಾದವಾಗಿ ಸಿಡಿಯಿತು. ಸಿಡಿಸಿದ್ದು ಕೆಲವು ಛಾಯಾಚಿತ್ರಗಳು.

ಪಿಟೀಲು ಕೈಯಿಂದ ಕೈಗೆ ಸಾಗಿದ ಕಥೆಯನ್ನು ಮೊದಲು ತಿಳಿಯಬೇಕು. ಸ್ಟ್ರಾಡಿವರಿ 1737ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಈ ವಾದ್ಯ ಮಾರಾಟವಾಗದೆ ಅವನ ಕಾರ್ಖಾನೆಯಲ್ಲೇ ಉಳಿದಿತ್ತು ಎನ್ನಲಾಗುತ್ತದೆ. 1775ರ ಸುಮಾರಿಗೆ ಮಗ ಪಾವೊಲೊ, ತಂದೆಯ ಉಳಿದ ವಾದ್ಯ, ಸಲಕರಣೆಗಳನ್ನು ಕೋಜಿಯೋ ಎಂಬ ಸಿರಿವಂತ ಸಂಗ್ರಾಹಕನಿಗೆ ಕೊಟ್ಟ. ಕೋಜಿಯೋನಿಂದ 1827ರಲ್ಲಿ ಅದು ಲುಯಿಜಿ ತರೀಸಿಯೋನ ಕೈಸೇರಿತು. ಈ ತರೀಸಿಯೋ ವಿಚಿತ್ರ ಮನುಷ್ಯ. ಇಟಲಿಯ ಹಳ್ಳಿಹಳ್ಳಿ ತಿರುಗಿ ಹಳೆಯ ಪಿಟೀಲುಗಳನ್ನು ಅಗ್ಗಕ್ಕೆ ಕೊಂಡು ಪ್ಯಾರಿಸಿನ ವ್ಯಾಪಾರಿಗಳಿಗೆ ಮಾರುವುದು ಅವನ ಕಸುಬು. ತನ್ನ ಬಳಿ ಯಾರೂ ಕಂಡಿರದ ಒಂದು ಸ್ಟ್ರಾಡಿವರಿ ಇದೆ ಎಂದು ಪ್ರತಿ ಸಲವೂ ಕೊಚ್ಚಿಕೊಳ್ಳುತ್ತಿದ್ದ; ಒಮ್ಮೆಯೂ ಅದನ್ನು ತಂದು ತೋರಿಸಲಿಲ್ಲ. ಬರುತ್ತಾನೆ ಬರುತ್ತಾನೆ ಎಂದು ಯಹೂದಿಗಳು ಕಾಯುವ ಮೆಸ್ಸಾಯನ ಹಾಗಾಯಿತಲ್ಲ ನಿನ್ನ ಪಿಟೀಲು ಎಂದು ಅಲಾರ್ ಎಂಬ ವಾದಕ ಹಾಸ್ಯ ಮಾಡಿದನಂತೆ. ಹೆಸರು ಅಂಟಿಕೊಂಡಿತು.

1854ರಲ್ಲಿ ತರೀಸಿಯೋ ಮಿಲಾನಿನ ತನ್ನ ಕೋಣೆಯಲ್ಲಿ ಒಂಟಿಯಾಗಿ ಸತ್ತ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪ್ಯಾರಿಸಿನ ವ್ಯಾಪಾರಿ ವಿಯೋಮ್ ಹಣದ ಚೀಲ ಹಿಡಿದು ಇಟಲಿಗೆ ಓಡಿದ. ತರೀಸಿಯೋನ ಬಂಧುಗಳಿಂದ ಇಡೀ ಸಂಗ್ರಹವನ್ನು 1855ರಲ್ಲಿ ಖರೀದಿಸಿದ. ‘ಮೆಸ್ಸಾಯ’ ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು ಹೀಗೆ.

ಸಂಶಯ ಹುಟ್ಟುವುದೂ ಇಲ್ಲಿಯೇ. ಜಾನ್ ಬ್ಯಾಪ್ಟಿಸ್ಟ್ ವಿಯೋಮ್ ಬರಿಯ ವ್ಯಾಪಾರಿಯಲ್ಲ. 19ನೇ ಶತಮಾನದ ಫ್ರಾನ್ಸಿನ ಅತ್ಯಂತ ನುರಿತ ಪಿಟೀಲು ತಯಾರಕ. ಹಳೆಯ ಇಟಾಲಿಯನ್ ವಾದ್ಯಗಳ ಪಡಿಯಚ್ಚು ತೆಗೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಪಗನೀನಿಯ ಪಿಟೀಲಿಗೆ ಅವನು ಮಾಡಿದ ನಕಲನ್ನು ಮೂಲದ ಪಕ್ಕದಲ್ಲಿಟ್ಟರೆ ಸ್ವತಃ ಪಗನೀನಿಗೇ ಯಾವುದು ಯಾವುದೆಂದು ತಿಳಿಯಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ನಿಜವೋ ಸುಳ್ಳೋ, ಅಂಥ ಕೈ ಅವನದು. ಹೊಸದರಂತೆ ಹೊಳೆಯುವ ಸ್ಟ್ರಾಡಿವರಿಯೊಂದು ಅಂಥವನ ಅಂಗಡಿಯಿಂದಲೇ ಹೊರಬಂದರೆ ಅನುಮಾನ ಬರದಿರುತ್ತದೆಯೇ?

ವಿಯೋಮ್ ಬದುಕಿರುವವರೆಗೂ ಅದನ್ನು ಮಾರಲಿಲ್ಲ. 1875ರಲ್ಲಿ ಅವನು ತೀರಿಕೊಂಡ ಮೇಲೆ ಪಿಟೀಲು ಅಳಿಯನ ಪಾಲಾಯಿತು. ಅಳಿಯ ಬೇರಾರೂ ಅಲ್ಲ, ಹೆಸರಿಟ್ಟ ಅಲಾರನೇ! ಮುಂದೆ ಲಂಡನ್ನಿನ ಹೆಸರಾಂತ ವಾದ್ಯ ವ್ಯಾಪಾರಿಗಳಾದ ಹಿಲ್ ಕುಟುಂಬದವರ ಕೈಗೆ ಬಂದು, ಅವರು 1939ರಲ್ಲಿ ಆಶ್ಮೋಲಿಯನ್‌ಗೆ ದಾನವಾಗಿ ಕೊಟ್ಟರು.

ಒಂದು ವರ್ಷದ ಅಂತರ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ವಾದ್ಯಗಳ ಸಂರಕ್ಷಣಾಧಿಕಾರಿಯಾಗಿದ್ದ ಸ್ಟುವರ್ಟ್ ಪೊಲೆನ್ಸ್ ಈ ಪಿಟೀಲಿನ ಬಗ್ಗೆ ಮೊದಲಿನಿಂದಲೂ ಸಂಶಯ ಹೊಂದಿದವರು. ಕೋಜಿಯೋ ಬರೆದಿಟ್ಟ ಟಿಪ್ಪಣಿಗಳಲ್ಲಿರುವ 1716ರ ಪಿಟೀಲಿನ ವಿವರ ಈಗಿನ ವಾದ್ಯಕ್ಕೆ ಹೊಂದುವುದಿಲ್ಲವೆಂಬುದು ಅವರ ಒಂದು ವಾದ. ಇನ್ನೊಂದು ವಾದಕ್ಕೆ ಅವರು ಮರವನ್ನೇ ಸಾಕ್ಷಿಗೆ ಕರೆದರು. ಪಿಟೀಲಿನ ಮುಖಹಲಗೆಯ ಛಾಯಾಚಿತ್ರಗಳನ್ನು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಪೀಟರ್ ಕ್ಲೈನ್ ಅವರಿಗೆ ಕೊಟ್ಟರು. ಹಳೆಯ ಯುರೋಪಿಯನ್ ಚಿತ್ರಗಳನ್ನು ಬರೆದ ಮರದ ಹಲಗೆಗಳ ವಯಸ್ಸು ಕಂಡುಹಿಡಿಯುವುದರಲ್ಲಿ ಕ್ಲೈನ್ ಹೆಸರು ಮಾಡಿದವರು.

ಛಾಯಾಚಿತ್ರದಲ್ಲಿ ಕಾಣುವ ಮರದ ಉಂಗುರಗಳನ್ನು ಅಳೆದು ಬಂದ ಫಲಿತಾಂಶ ಹೀಗಿತ್ತು: ಹಲಗೆಯ ಕೊನೆಯ ಉಂಗುರ ಬೆಳೆದದ್ದು 1738ರಲ್ಲಿ.

ಸ್ಟ್ರಾಡಿವರಿ ಸತ್ತದ್ದು 1737ರಲ್ಲಿ. ಅವನು ಸತ್ತ ಮೇಲೂ ಕಾಡಿನಲ್ಲಿ ನಿಂತು ಬೆಳೆಯುತ್ತಿದ್ದ ಮರದಿಂದ ಅವನು ಪಿಟೀಲು ಮಾಡಿರಲು ಸಾಧ್ಯವಿಲ್ಲ. ಒಂದೇ ಒಂದು ಉಂಗುರ ಸಾಕಾಯಿತು, ಜಗತ್ತಿನ ಅತಿ ಪ್ರಸಿದ್ಧ ಪಿಟೀಲನ್ನು ಕಟಕಟೆಯಲ್ಲಿ ನಿಲ್ಲಿಸಲು. ವಾದ್ಯದ ಬೆಲೆಯಷ್ಟೇ ಅಲ್ಲ, ಹಿಲ್ ಮನೆತನದವರಿಂದ ಹಿಡಿದು ಅದನ್ನು ಅಪ್ಪಟವೆಂದು ಸಾರಿದ ಎಲ್ಲ ತಜ್ಞರ ಮಾನವೂ ಪಣಕ್ಕೆ ಬಿತ್ತು. ‘ಮೆಸ್ಸಾಯ’ವನ್ನು ಮಾದರಿಯಾಗಿಟ್ಟುಕೊಂಡೇ ಇತರ ಸ್ಟ್ರಾಡಿವರಿಗಳನ್ನು ಒರೆಗೆ ಹಚ್ಚುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಒರೆಗಲ್ಲೇ ಖೋಟಾ ಆದರೆ ಚಿನ್ನದ ಗತಿಯೇನು?

ಮರ ಬರೆದ ದಿನಚರಿ

ಮರದ ಉಂಗುರದಿಂದ ಇಸವಿ ಹೇಳುವ ವಿದ್ಯೆಗೆ ಇನ್ನೂ ನೂರು ವರ್ಷ ಚಿಲ್ಲರೆ ಪ್ರಾಯ. ಅದನ್ನು ಶಾಸ್ತ್ರವಾಗಿ ಬೆಳೆಸಿದವರು ಸಸ್ಯವಿಜ್ಞಾನಿಯಲ್ಲ, ಖಗೋಳವಿಜ್ಞಾನಿ. ಅಮೆರಿಕದ ಆರಿಜೋನಾದಲ್ಲಿದ್ದ ಎ.ಇ. ಡಗ್ಲಸ್ ಅವರಿಗೆ ಬೇಕಾಗಿದ್ದದ್ದು ಸೂರ್ಯನ ಕಲೆಗಳ ಹಳೆಯ ದಾಖಲೆ. ಸೂರ್ಯನಲ್ಲಾಗುವ ಏರುಪೇರು ಮಳೆಯ ಮೇಲೆ, ಮಳೆ ಮರದ ಬೆಳವಣಿಗೆಯ ಮೇಲೆ ಪರಿಣಾಮ ಬೀರುವುದಾದರೆ ಹಳೆಯ ಮರಗಳಲ್ಲಿ ಅದರ ಗುರುತು ಇರಬೇಕೆಂದು ಅವರು ಊಹಿಸಿದರು. 20ನೇ ಶತಮಾನದ ಆರಂಭದಲ್ಲಿ ಪೈನ್ ಮರಗಳ ಅಡ್ಡಕೊಯ್ತವನ್ನು ಅಳೆಯುತ್ತ ಕುಳಿತವರಿಗೆ ಒಂದು ಸಂಗತಿ ಹೊಳೆಯಿತು. ಒಂದೇ ಪ್ರದೇಶದ ಮರಗಳಲ್ಲೆಲ್ಲ ತೆಳು ಉಂಗುರ, ದಪ್ಪ ಉಂಗುರಗಳು ಒಂದೇ ಕ್ರಮದಲ್ಲಿ ಬರುತ್ತವೆ. ಬರಗಾಲದ ವರ್ಷ ಎಲ್ಲ ಮರಕ್ಕೂ ಬರಗಾಲವೇ ತಾನೆ?

ಈಗ ಕಡಿದ ಮರದ ಕೊನೆಯ ಉಂಗುರದ ಇಸವಿ ನಮಗೆ ಗೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸಬಹುದು. ಅದರ ಒಳಭಾಗದ ಉಂಗುರಗಳ ಕ್ರಮ, ಹಳೆಯ ಮನೆಯೊಂದರ ತೊಲೆಯ ಹೊರಭಾಗದ ಕ್ರಮಕ್ಕೆ ಹೊಂದಿದರೆ ಆ ತೊಲೆಯ ಇಸವಿಯೂ ಸಿಕ್ಕಿತು. ಹೀಗೆ ಕೊಂಡಿಗೆ ಕೊಂಡಿ ಸೇರಿಸುತ್ತ ಹೋದರೆ ನೂರಾರು ವರ್ಷಗಳ ಸರಪಣಿ. ಡಗ್ಲಸ್ ಅವರ ಸರಪಣಿಯಲ್ಲಿ ಒಂದು ಕೊಂಡಿ ಬಹಳ ವರ್ಷ ಸಿಗದೇ ಕಾಡಿತು. 1929ರ ಜೂನ್‌ನಲ್ಲಿ ಆರಿಜೋನಾದ ಷೋ ಲೋ ಎಂಬಲ್ಲಿ ಸುಟ್ಟ ತೊಲೆಯೊಂದು ದೊರೆತು ಆ ತೆರಪು ಮುಚ್ಚಿತು. ಅಲ್ಲಿನ ಮೂಲನಿವಾಸಿಗಳ ಪಾಳುಬಿದ್ದ ಊರುಗಳು ಎಂದು ಕಟ್ಟಿದವೆಂಬುದು ಆ ಒಂದೇ ದಿನದಲ್ಲಿ ಇಸವಿಯ ಲೆಕ್ಕದಲ್ಲಿ ತಿಳಿಯಿತು.

ನಮ್ಮ ಕಡೆಯ ಎಲ್ಲ ಮರಗಳೂ ಹೀಗೆ ಲೆಕ್ಕ ಇಡುವುದಿಲ್ಲ. ಉಷ್ಣವಲಯದಲ್ಲಿ ಚಳಿಗಾಲವೆಂಬ ಖಚಿತ ನಿಲುಗಡೆ ಇಲ್ಲದ್ದರಿಂದ ಬಹುಪಾಲು ಮರಗಳ ಉಂಗುರ ಅಸ್ಪಷ್ಟ. ಸಾಗುವಾನಿ ಅದಕ್ಕೆ ಅಪವಾದ. ಬೇಸಿಗೆಯಲ್ಲಿ ಎಲೆ ಉದುರಿಸಿ, ಮುಂಗಾರಿಗೆ ಚಿಗುರುವ ಸಾಗುವಾನಿಯಲ್ಲಿ ವರ್ಷಕ್ಕೊಂದು ಉಂಗುರ ಚೆನ್ನಾಗಿ ಮೂಡುತ್ತದೆ. ಕೇರಳದ ಸಾಗುವಾನಿ ಮರಗಳಿಂದ ಪುಣೆಯ ವಿಜ್ಞಾನಿಗಳು 1481ರಿಂದ 2003ರವರೆಗಿನ 523 ವರ್ಷಗಳ ಸರಪಣಿ ಕಟ್ಟಿ, ಮುಂಗಾರು ಕೈಕೊಟ್ಟ ವರ್ಷಗಳನ್ನು ಅದರಲ್ಲಿ ಗುರುತಿಸಿದ್ದಾರೆ.

ಪಿಟೀಲಿನ ಮುಖಹಲಗೆ ಸ್ಪ್ರೂಸ್ ಎಂಬ ಮರದ್ದು. ಪೈನ್ ಜಾತಿಗೆ ಹತ್ತಿರದ, ಆಲ್ಪ್ಸ್ ಪರ್ವತದ ಎತ್ತರದಲ್ಲಿ ನಿಧಾನವಾಗಿ ಬೆಳೆಯುವ ಮರ. ಅಲ್ಲಿ ಮರಕ್ಕೆ ಕೊರತೆಯಾಗುವುದು ನೀರಲ್ಲ, ಬಿಸಿಲು. ಬೇಸಿಗೆ ತಣ್ಣಗಿದ್ದ ವರ್ಷ ಉಂಗುರ ತೆಳು. ವಸಂತದಲ್ಲಿ ಬೆಳೆದ ಭಾಗ ತಿಳಿಬಣ್ಣ, ಬೇಸಿಗೆಯ ಕೊನೆಗೆ ಬೆಳೆದದ್ದು ಕಂದುಗೆರೆ. ದಿಮ್ಮಿಯನ್ನು ಕೇಕಿನ ಹೋಳಿನಂತೆ ಸೀಳಿ ಹಲಗೆ ತೆಗೆಯುವುದರಿಂದ ಉಂಗುರಗಳು ವೃತ್ತವಾಗಿ ಕಾಣದೆ, ಪಿಟೀಲಿನ ಉದ್ದಕ್ಕೂ ಎಳೆದ ನೇರ ಗೆರೆಗಳಾಗಿ ಕಾಣುತ್ತವೆ. ನಮ್ಮ ಸಂಗೀತ ಕಚೇರಿಗಳಲ್ಲಿ ಪಿಟೀಲನ್ನು ಹತ್ತಿರದಿಂದ ನೋಡಿದವರು ಆ ಗೆರೆಗಳನ್ನು ಕಂಡೇ ಇರುತ್ತಾರೆ. ಅವು ಇಸವಿಗಳೆಂದು ಯೋಚಿಸಿರಲಾರರು.

ಛಾಯಾಚಿತ್ರದ ಒಳಸುಳಿ

ಸಾಮಾನ್ಯವಾಗಿ ಮರದ ತುಂಡನ್ನು ನುಣ್ಣಗೆ ಉಜ್ಜಿ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಉಂಗುರವನ್ನು ಅಳೆಯುತ್ತಾರೆ. ಬೆಲೆಕಟ್ಟಲಾಗದ ಪಿಟೀಲನ್ನು ಉಜ್ಜುವುದುಂಟೆ? ಮುಟ್ಟಲೂ ಅನುಮತಿ ಬೇಕು. ಛಾಯಾಚಿತ್ರದಿಂದ ಅಳೆಯುವ ಆಸೆ ಹುಟ್ಟುವುದು ಸಹಜ. ವಾದ್ಯ ಆಕ್ಸ್‌ಫರ್ಡಿನಲ್ಲೇ ಇರಲಿ, ಚಿತ್ರ ಹ್ಯಾಂಬರ್ಗಿಗೆ ಹೋಗಲಿ.

ಚಿತ್ರ ದೊಡ್ಡದಾಗಿಯೋ ಚಿಕ್ಕದಾಗಿಯೋ ಮುದ್ರಣವಾದರೆ ಅಳತೆ ತಪ್ಪುವುದಿಲ್ಲವೇ ಎಂಬುದು ಎಲ್ಲರಿಗೂ ಹೊಳೆಯುವ ಆಕ್ಷೇಪಣೆ. ಸ್ವಾರಸ್ಯವೆಂದರೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಇಸವಿ ಹೇಳಲು ಬೇಕಾದ್ದು ಉಂಗುರದ ನಿಜವಾದ ಅಗಲ ಅಲ್ಲ. ಪಕ್ಕದ ಉಂಗುರಕ್ಕಿಂತ ಅದು ಎಷ್ಟು ದಪ್ಪ, ಎಷ್ಟು ತೆಳು ಎಂಬುದು. ಇಡೀ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೂ ಆ ಅನುಪಾತ ಬದಲಾಗದು. ಪಿಟೀಲಿನ ಮುಖ ಮಧ್ಯದಲ್ಲಿ ಉಬ್ಬಿ ಅಂಚಿನ ಕಡೆಗೆ ಇಳಿಯುತ್ತದೆ. ಇಳಿಜಾರು 20 ಡಿಗ್ರಿ ಇರುವ ಕಡೆ, ಮೇಲಿನಿಂದ ತೆಗೆದ ಚಿತ್ರದಲ್ಲಿ ಒಂದು ಮಿಲಿಮೀಟರಿನ ಉಂಗುರ 0.94 ಮಿಲಿಮೀಟರಾಗಿ ಕಾಣುತ್ತದೆ. ಪಕ್ಕದ ಉಂಗುರವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುವುದರಿಂದ ಇದನ್ನೂ ಗಣಿತದಿಂದ ಸರಿಪಡಿಸಬಹುದು. ಮರಕ್ಕೆ ವಯಸ್ಸಾದಂತೆ ಉಂಗುರಗಳು ತಾವಾಗಿ ತೆಳುವಾಗುತ್ತ ಬರುವುದನ್ನು ಹೇಗೆ ಲೆಕ್ಕದಿಂದ ತೆಗೆದುಹಾಕುತ್ತಾರೋ ಹಾಗೆಯೇ.

ನಿಜವಾದ ಅಪಾಯ ಅಳತೆಯಲ್ಲಿಲ್ಲ, ಎಣಿಕೆಯಲ್ಲಿದೆ. ಪಿಟೀಲಿನ ಒಡಲು ಸುಮಾರು 35 ಸೆಂಟಿಮೀಟರ್ ಉದ್ದ. ಸಾಮಾನ್ಯ ಕ್ಯಾಮೆರಾದ 36 ಮಿಲಿಮೀಟರ್ ಫಿಲ್ಮಿನ ಮೇಲೆ ಅದನ್ನು ಪೂರ್ತಿ ಹಿಡಿದರೆ ಎಲ್ಲವೂ ಹತ್ತರಲ್ಲೊಂದು ಪಾಲಾಗುತ್ತದೆ. ಚಳಿಯ ವರ್ಷದಲ್ಲಿ ಬೆಳೆದ 0.3 ಮಿಲಿಮೀಟರಿನ ಉಂಗುರ ಫಿಲ್ಮಿನ ಮೇಲೆ 0.03 ಮಿಲಿಮೀಟರ್. ಅದು ಫಿಲ್ಮಿನ ಕಣಗಳಲ್ಲಿ ಕರಗಿಹೋಗುವ ಅಳತೆ. ಹತ್ತಿರದಿಂದ ತೆಗೆದರೂ ಮೆರುಗೆಣ್ಣೆಯ ಹೊಳಪು, ಅದರ ಬಿರುಕು, ಗೀರು, ಕೂಡಿಟ್ಟ ಧೂಳು ಇವೆಲ್ಲ ಕಂದುಗೆರೆಯ ವೇಷ ಹಾಕಿ ನಿಲ್ಲುತ್ತವೆ. ಎರಡು ತೆಳು ಉಂಗುರಗಳು ಒಂದರಂತೆ ಕಂಡರೆ ಒಂದು ವರ್ಷ ನಾಪತ್ತೆ. ಗೀರೊಂದು ಉಂಗುರವೆಂದು ಲೆಕ್ಕಕ್ಕೆ ಬಂದರೆ ಇಲ್ಲದ ವರ್ಷವೊಂದು ಹುಟ್ಟಿತು.

ಒಂದು ವರ್ಷ ತಪ್ಪಿದರೆ ಉತ್ತರವೂ ಒಂದು ವರ್ಷ ತಪ್ಪಬಹುದು, ಅಷ್ಟೇ ತಾನೆ ಎನ್ನಿಸಬಹುದು. ಹಾಗಾಗುವುದಿಲ್ಲ. ಹಲಗೆಯ ಮಧ್ಯದಲ್ಲಿ ಒಂದು ಉಂಗುರ ಬಿಟ್ಟುಹೋದರೆ ಅದರ ಎಡಬದಿಯ ಕ್ರಮ ಸರಿಯಾದ ಜಾಗದಲ್ಲಿ ಕೂತರೆ ಬಲಬದಿ ಕೂರದು. ಬಲಬದಿ ಕೂತರೆ ಎಡಬದಿ ಕೂರದು. ನಿಜವಾದ ಜಾಗದಲ್ಲಿ ಹೊಂದಾಣಿಕೆ ದುರ್ಬಲವಾಗುತ್ತದೆ. ಆಗ ಗಣಕಯಂತ್ರ ಸರಪಣಿಯುದ್ದಕ್ಕೂ ಹುಡುಕುತ್ತ ಹೋಗಿ, ಕಾಕತಾಳೀಯವಾಗಿ ಚೆನ್ನಾಗಿ ಹೊಂದಿದಂತೆ ಕಾಣುವ ಬೇರೊಂದು ಜಾಗವನ್ನು, ಹತ್ತಾರು ವರ್ಷ ಆಚೆಯದನ್ನು, ಎತ್ತಿಕೊಡಬಹುದು. ಈ ಹೊಂದಾಣಿಕೆಗೆ ಅಂಕ ಕೊಡುವ ಪದ್ಧತಿಯನ್ನು ಬೆಲ್‌ಫಾಸ್ಟಿನ ಬೈಲಿ ಮತ್ತು ಪಿಲ್ಚರ್ 1973ರಲ್ಲಿ ರೂಪಿಸಿದರು. 3.5ಕ್ಕಿಂತ ಹೆಚ್ಚು ಅಂಕ ಬಂದರೆ ಗಂಭೀರವಾಗಿ ಪರಿಗಣಿಸಬಹುದೆಂಬುದು ವಾಡಿಕೆ. ಆದರೆ ನೂರಾರು ಜಾಗಗಳಲ್ಲಿ ಹೊಂದಿಸಿ ನೋಡಿದಾಗ ಒಂದೆರಡು ಕಡೆ ಸುಮ್ಮಸುಮ್ಮನೆ ಒಳ್ಳೆಯ ಅಂಕ ಬರುವುದು ಅಸಹಜವೇನಲ್ಲ. ಜಾತಕದಲ್ಲಿ ಗುಣ ಕೂಡಿಬಂದ ಮಾತ್ರಕ್ಕೆ ಮದುವೆ ಕೂಡಿಬಂತೆಂದು ಹೇಳಲಾಗದು.

ವಾದ್ಯದ ಮುಂದೆ ಕೂತವರು

ಉತ್ತರ ಬರಬೇಕಾದರೆ ಪಿಟೀಲನ್ನೇ ಅಳೆಯಬೇಕಾಗಿತ್ತು. ಇಂಗ್ಲೆಂಡಿನ ಜಾನ್ ಟೋಫಮ್ ಮತ್ತು ಡೆರೆಕ್ ಮೆಕಾರ್ಮಿಕ್ ‘ಮೆಸ್ಸಾಯ’ ಮಾತ್ರವಲ್ಲದೆ ಕ್ರಿಮೋನಾದ ಇತರ ಹಲವು ವಾದ್ಯಗಳನ್ನೂ ಅಳೆದು 2000ದಲ್ಲಿ ಪುರಾತತ್ವ ವಿಜ್ಞಾನದ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಅವರಿಗೆ ಸಿಕ್ಕ ಕೊನೆಯ ಉಂಗುರ 1682ರದು.

1738 ಎಲ್ಲಿ, 1682 ಎಲ್ಲಿ! 56 ವರ್ಷಗಳ ವ್ಯತ್ಯಾಸ. ವಾದ ಇನ್ನಷ್ಟು ಬಿಸಿಯಾಯಿತು. ಅಮೆರಿಕದ ಪಿಟೀಲು ಸಂಘ ಯಾವ ಪಕ್ಷಕ್ಕೂ ಸೇರದ ಮೂವರು ತಜ್ಞರನ್ನು ಕೇಳಿಕೊಂಡಿತು. ಟೆನೆಸ್ಸಿಯ ಹೆನ್ರಿ ಗ್ರಿಸಿನೋ ಮೇಯರ್, ಆರಿಜೋನಾದ ಪಾಲ್ ಷೆಪರ್ಡ್, ಅರ್ಕನ್ಸಾದ ಮಾಲ್ಕಂ ಕ್ಲೀವ್‌ಲ್ಯಾಂಡ್ ಈ ಮೂವರು. ಷೆಪರ್ಡ್ ಅವರದು ಡಗ್ಲಸ್ ಕಟ್ಟಿದ ಉಂಗುರ ಸಂಶೋಧನಾಲಯದ ಪರಂಪರೆಯೇ.

ಅವರು ಅನುಸರಿಸಿದ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಪಿಟೀಲನ್ನು ನೇರವಾಗಿ ಆಲ್ಪ್ಸ್ ಮರಗಳ ಸರಪಣಿಗೆ ಹೋಲಿಸುವುದರ ಜೊತೆಗೆ, ಸ್ಟ್ರಾಡಿವರಿಯವೇ ಆದ ಬೇರೆ ವಾದ್ಯಗಳನ್ನು ನಡುವೆ ಸೇತುವೆಯಾಗಿ ಬಳಸಿದರು. 1693ರ ‘ಹ್ಯಾರಿಸನ್’ ಪಿಟೀಲು, 1696ರ ‘ಆರ್ಚಿಂಟೋ’ ವಯೋಲಾ ಮುಂತಾದವು. ಒಂದೇ ಕಾರ್ಖಾನೆಗೆ ಬಂದ ಮರ ಸಾಮಾನ್ಯವಾಗಿ ಒಂದೇ ಕಾಡಿನ ಕಡೆಯದು. ದೂರದ ಕಾಡಿನ ಮರಕ್ಕಿಂತ ಅವು ಪರಸ್ಪರ ಚೆನ್ನಾಗಿ ಹೊಂದುತ್ತವೆ. ಮೂವರ ಅಧ್ಯಯನದ ವಿವರ 2004ರಲ್ಲಿ ಪ್ರಕಟವಾಯಿತು. ‘ಮೆಸ್ಸಾಯ’ದ ಉಂಗುರಗಳು 1577ರಿಂದ 1687ರವರೆಗೆ, ಒಟ್ಟು 111. ಟೋಫಮ್ ಅವರ 1682ಕ್ಕೂ ಇದಕ್ಕೂ ಇರುವ ಐದು ವರ್ಷದ ಅಂತರ ವಿರೋಧವಲ್ಲ. ಹಲಗೆಯ ಬೇರೆ ಜಾಗದಲ್ಲಿ ಅಳೆದರೆ ಜೋಡಣೆಯ ಗೆರೆಯವರೆಗೆ ಒಂದೆರಡು ಉಂಗುರ ಹೆಚ್ಚುಕಡಿಮೆ ಸಿಗುವುದುಂಟು. 1738 ಮಾತ್ರ ಈ ಲೆಕ್ಕದಲ್ಲಿ ಎಲ್ಲಿಯೂ ಕೂರುವುದಿಲ್ಲ.

ಹಾಗಾದರೆ ಪಿಟೀಲು ಸ್ಟ್ರಾಡಿವರಿಯದೆಂದು ಮರ ಸಾಬೀತುಪಡಿಸಿತೇ? ಇಲ್ಲ. ಪತ್ರಿಕೆಗಳು ಹಾಗೆ ಬರೆದರೂ ಮರ ಅಷ್ಟು ಹೇಳಲಾರದು. 1687ಕ್ಕಿಂತ ಮೊದಲು ಈ ಪಿಟೀಲು ಹುಟ್ಟಿರಲಾರದೆಂದಷ್ಟೇ ಅದು ಹೇಳುತ್ತದೆ. 1716ರಲ್ಲಿ ಮಾಡಿದ್ದೆಂಬ ಮಾತಿಗೆ ಅಡ್ಡಿಯಿಲ್ಲ. ಆದರೆ ಹಳೆಯ ಮರ ಸಿಕ್ಕಿದ್ದರೆ ವಿಯೋಮ್ ಕೂಡ ಅದರಿಂದ ಪಿಟೀಲು ಮಾಡಬಹುದಿತ್ತಲ್ಲ? ಇಲ್ಲಿ ಸೇತುವೆಯ ವಾದ್ಯಗಳ ಸಾಕ್ಷಿಗೆ ತೂಕ ಬರುತ್ತದೆ. ‘ಮೆಸ್ಸಾಯ’ದ ಮರ ಸ್ಟ್ರಾಡಿವರಿಯ ಇತರ ವಾದ್ಯಗಳ ಮರಕ್ಕೆ ಹತ್ತಿರದ ಬಂಧು. ಅವನ 1724ರ ‘ವಿಲ್ಹೆಲ್ಮಿ’ ಪಿಟೀಲಿಗೂ ಇದಕ್ಕೂ ಬಹಳ ನಿಕಟ ಹೊಂದಾಣಿಕೆ ಇರುವುದನ್ನು ನಂತರ ನಡೆದ ಪರೀಕ್ಷೆಗಳೂ ತೋರಿಸಿವೆ. ಅಂಥದೇ ಮರವನ್ನು ವಿಯೋಮ್ ನೂರಮೂವತ್ತು ವರ್ಷಗಳ ಬಳಿಕ ಹುಡುಕಿ ತಂದನೆಂದು ನಂಬುವುದು ಕಷ್ಟ. ಅಸಾಧ್ಯವೆಂದಲ್ಲ, ಕಷ್ಟ. ಪೊಲೆನ್ಸ್ ಕೋಜಿಯೋನ ಟಿಪ್ಪಣಿಗಳ ಬಗ್ಗೆ ಎತ್ತಿದ ಪ್ರಶ್ನೆಯನ್ನು ಉಂಗುರಗಳು ಮುಟ್ಟುವುದೂ ಇಲ್ಲ. ಅದು ಕಾಗದಪತ್ರಗಳಲ್ಲಿ ತೀರಬೇಕಾದ ವ್ಯಾಜ್ಯ.

ಉಂಗುರಗಳು ಯಾವಾಗಲೂ ಮಾಲೀಕನ ಪರವಾಗಿಯೇ ಸಾಕ್ಷಿ ನುಡಿಯುತ್ತವೆಂದು ತಿಳಿಯಬಾರದು. 1611ರಲ್ಲಿ ಅಮಾಟಿ ಸಹೋದರರು ಮಾಡಿದ್ದೆಂದು ಪ್ರಸಿದ್ಧವಾಗಿದ್ದ ‘ಕಾರ್ ಕೂಸ್ಸೆವಿಟ್ಸ್ಕಿ’ ಎಂಬ ದೊಡ್ಡ ಡಬಲ್ ಬಾಸ್ ವಾದ್ಯವನ್ನು ಗ್ರಿಸಿನೋ ಮೇಯರ್ ತಂಡವೇ ಪರೀಕ್ಷಿಸಿತು. 1445ರಿಂದ 1761ರವರೆಗೆ 317 ಉಂಗುರಗಳು ಸಿಕ್ಕವು. ಅಮಾಟಿ ಸಹೋದರರು ಅದನ್ನು ಮಾಡಿರಲು ಸಾಧ್ಯವೇ ಇರಲಿಲ್ಲ.

ಛಾಯಾಚಿತ್ರ ಈ ಕೆಲಸದಿಂದ ಹೊರಹೋಯಿತೆಂದೂ ಅಲ್ಲ. ಇಂದು ಮರದ ತುಂಡುಗಳನ್ನು ಸ್ಕ್ಯಾನರಿನಲ್ಲಿ ಚಿತ್ರವಾಗಿಸಿ ಗಣಕಯಂತ್ರದ ಪರದೆಯ ಮೇಲೆ ಉಂಗುರದ ಗಡಿಗಳನ್ನು ಗುರುತಿಸಿ ಅಳೆಯುವುದು ಮಾಮೂಲಾಗಿದೆ. ಅಂಗುಲಕ್ಕೆ 2400 ಚುಕ್ಕೆಗಳ ಸ್ಕ್ಯಾನರಿನಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 0.01 ಮಿಲಿಮೀಟರ್, ಸೂಕ್ಷ್ಮದರ್ಶಕದ ಅಳತೆಗೆ ಸರಿಸಮ. ಪಿಟೀಲುಗಳನ್ನೂ ಹತ್ತಿರದಿಂದ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತುಂಡುತುಂಡಾಗಿ ಚಿತ್ರ ತೆಗೆದು ಅಳೆಯುತ್ತಾರೆ. ಅಳತೆಪಟ್ಟಿಯನ್ನು ಮರದ ಮೇಲ್ಮೈಯ ಎತ್ತರಕ್ಕೇ ಇಡುತ್ತಾರೆ. ಬೆಳಕನ್ನು ಓರೆಯಾಗಿ ಬಿಡುತ್ತಾರೆ. ಗಡಿಯೆಂದು ಗುರುತಿಸಿದ ಪ್ರತಿ ಜಾಗವೂ ಚಿತ್ರದ ಮೇಲೆ ಉಳಿಯುವುದರಿಂದ ಇನ್ನೊಬ್ಬರು ತೆರೆದು ನೋಡಿ, ಇದು ಉಂಗುರವಲ್ಲ, ಗೀರು ಎಂದು ತಕರಾರು ತೆಗೆಯಬಹುದು.

ಪಿಟೀಲಿನಲ್ಲಿ ಇನ್ನೂ ಒಂದು ಅನುಕೂಲವಿದೆ. ಮುಖಹಲಗೆ ಸಾಮಾನ್ಯವಾಗಿ ಎರಡು ಹೋಳು. ಒಂದೇ ಮರದ ತುಂಡನ್ನು ಸೀಳಿ, ತೆರೆದ ಪುಸ್ತಕದ ಹಾಳೆಗಳಂತೆ ಎದುರುಬದುರಾಗಿ ಅಂಟಿಸಿರುತ್ತಾರೆ. ಎಡಗಡೆಯ ಉಂಗುರಗಳು ಬಲಗಡೆಯೂ ಅದೇ ಕ್ರಮದಲ್ಲಿ ಇರಲೇಬೇಕು. ಎರಡೂ ಕಡೆ ಬೇರೆ ಬೇರೆಯಾಗಿ ಅಳೆದು ಹೋಲಿಸಿದಾಗ ಒಂದು ಕಡೆಯ ಕ್ರಮದಲ್ಲಿ ಒಂದು ಉಂಗುರ ಹೆಚ್ಚಾಗಿ ಕಂಡರೆ, ಇಸವಿಯ ಮಾತೆತ್ತುವ ಮೊದಲು ಮತ್ತೆ ವಾದ್ಯದ ಮುಂದೆ ಹೋಗಿ ಕೂರುತ್ತಾರೆ.